ಒಂದು ನಂಬರು, ಇಬ್ಬರು ಬಾಡಿಗೆದಾರರು

ರಾಜಾಜಿನಗರದಲ್ಲಿ ಬ್ಲಾಕ್ ಹೇಳದೆ ಬರೀ ಕ್ರಾಸು, ಮೇನು ಹೇಳಿದರೆ ಆಟೋದವರಿಗೆ ಮನೆ ಸಿಗುವುದು ಕಷ್ಟ. ಅದೇ ನಂಬರಿನ ಕ್ರಾಸು ಇನ್ನೊಂದು ಬ್ಲಾಕಿನಲ್ಲೂ ಇರುತ್ತದೆ. ಆಫೀಸುಗಳ ಒಳಗಿನ ಐಪಿ ವಿಳಾಸದ ಲೆಕ್ಕವೂ ಹೀಗೇ. 192.168.1.105 ಎಂಬ ನಂಬರು ಬಸವೇಶ್ವರನಗರದ ಆಡಿಟರ್ ಕಚೇರಿಯಲ್ಲೂ ಇದ್ದೀತು, ಕೆಂಗೇರಿ ಉಪನಗರದ ಮೆಡಿಕಲ್ ಶಾಪಿನಲ್ಲೂ ಇದ್ದೀತು; ಯಾರಿಗೂ ತೊಂದರೆಯಿಲ್ಲ. ಒಂದೇ ಆಫೀಸಿನಲ್ಲಿ ಇಬ್ಬರಿಗೆ ಸಿಕ್ಕಿತೋ, ಅವತ್ತಿನ ಕೆಲಸ ಕೆಟ್ಟಿತು.

ಹೀಗೆ ಕೆಟ್ಟಾಗ ನಮ್ಮ ಕಡೆ ನಡೆದುಬಂದಿರುವ ಮದ್ದು ಎರಡು. ಒಂದು, ರೂಟರ್ ಆಫ್ ಮಾಡಿ ಆನ್ ಮಾಡುವುದು. ಇನ್ನೊಂದು, ಕಂಪ್ಯೂಟರಿನೊಳಗೆ ವಿಳಾಸವನ್ನು ಕೈಯಲ್ಲೇ ಟೈಪ್ ಮಾಡುವುದು. "ಸ್ಟ್ಯಾಟಿಕ್ ಹಾಕಿದೀನಿ ಸಾರ್, ಇನ್ನು ಪ್ರಾಬ್ಲಮ್ ಬರಲ್ಲ" ಎಂದು ಹೇಳಿ ಟೆಕ್ನಿಷಿಯನ್ ಹೊರಡುತ್ತಾನೆ. ನೆಟ್‌ವರ್ಕ್ ಕೆಲಸದಲ್ಲೇ ದಿನ ಕಳೆಯುವ ನನಗೆ ಈ ಎರಡನೆಯ ಮದ್ದು ರೋಗಕ್ಕಿಂತ ಕೆಟ್ಟದ್ದೆಂದು ಖಚಿತವಾಗಿದೆ.

ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಎಂಬ ಪದ್ಧತಿ ಹುಟ್ಟಿದ್ದೇ ಈ ಕೈಬರಹವನ್ನು ತಪ್ಪಿಸಲು. 1985ರ ಬೂಟ್‌ಪಿ ಪದ್ಧತಿಯಲ್ಲಿ ಯಾವ ಯಂತ್ರಕ್ಕೆ ಯಾವ ನಂಬರು ಎಂದು ಯಾರಾದರೂ ಮೊದಲೇ ಪಟ್ಟಿ ಬರೆದಿಡಬೇಕಿತ್ತು. 1993ರಲ್ಲಿ ಬಂದ ಡಿಎಚ್‌ಸಿಪಿ ನಂಬರನ್ನು ಬಾಡಿಗೆಗೆ ಕೊಡತೊಡಗಿತು. 1997ರ ಮಾರ್ಚಿನಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಆರ್‌ಎಫ್‌ಸಿ 2131 ಎಂಬ ಇಂಟರ್ನೆಟ್ ಮಾನದಂಡದ ನಿಯಮವನ್ನೇ ಇಂದಿನ ರೂಟರ್‌ಗಳೂ ಪಾಲಿಸುತ್ತವೆ. ಹೊಸದಾಗಿ ಎದ್ದ ಕಂಪ್ಯೂಟರ್ ಇಡೀ ನೆಟ್‌ವರ್ಕಿಗೆ ಕೇಳುವಂತೆ "ನಂಬರು ಕೊಡುವವರು ಯಾರಿದ್ದೀರಿ?" ಎಂದು ಕೂಗುತ್ತದೆ. ರೂಟರ್ ಒಂದು ನಂಬರು ತೋರಿಸುತ್ತದೆ, ಕಂಪ್ಯೂಟರ್ ಅದನ್ನೇ ಬೇಡುತ್ತದೆ, ರೂಟರ್ ಸರಿ ಅನ್ನುತ್ತದೆ. ನಾಲ್ಕೇ ಮಾತು. ಬಾಡಿಗೆಯ ಅರ್ಧ ಅವಧಿ ಮುಗಿಯುತ್ತಲೇ ಕಂಪ್ಯೂಟರ್ ತಾನಾಗಿ ನವೀಕರಣ ಕೇಳುತ್ತದೆ. ಬಳಸದವರ ನಂಬರು ವಾಪಸ್ ಬರುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಕೆಲಸ ಮುಗಿಸುವ ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅದರ ದೌರ್ಬಲ್ಯವೂ ಆ ಕೂಗಿನಲ್ಲೇ ಇದೆ. ಉತ್ತರ ಕೊಟ್ಟವರನ್ನೆಲ್ಲ ಅದು ನಂಬುತ್ತದೆ. ಭದ್ರತೆ ಸಾಲದೆಂದು ಆರ್‌ಎಫ್‌ಸಿಯೇ ಒಪ್ಪಿಕೊಂಡಿದೆ. ವಿಜಯನಗರದ ಒಂದು ಆಫೀಸಿನಲ್ಲಿ ವೈಫೈ ಸಿಗ್ನಲ್ ಸಾಲದೆಂದು ಯಾರೋ ಮನೆಯ ಹಳೇ ರೂಟರ್ ತಂದು ಚುಚ್ಚಿದ್ದರು. ಅದೂ ನಂಬರು ಹಂಚತೊಡಗಿತು. ಅದರ ಕೈಯಿಂದ 192.168.0 ಎಂಬ ಬೇರೆಯೇ ಸಾಲಿನ ನಂಬರು ಪಡೆದವರಿಗೆ ನೆಟ್ ಇಲ್ಲ, ಲೆಕ್ಕಪತ್ರದ ಟ್ಯಾಲಿ ಇಲ್ಲ, ಪ್ರಿಂಟರ್ ಇಲ್ಲ. ಪಕ್ಕದ ಮೇಜಿನವರಿಗೆ ಎಲ್ಲವೂ ಇದೆ. ಎರಡು ದಿನ ಕೇಬಲ್ ಬದಲಾಯಿಸಿದ್ದೇ ಬಂತು. ಐಪಿಕಾನ್ಫಿಗ್ ಆಲ್ ಎಂದು ಟೈಪ್ ಮಾಡಿ, ನಂಬರು ಕೊಟ್ಟ ಸರ್ವರ್ ಯಾವುದೆಂಬ ಒಂದು ಸಾಲು ಓದಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಅಲ್ಲಿ 169.254ರಿಂದ ಶುರುವಾಗುವ ನಂಬರು ಕಂಡರೆ ಅರ್ಥ ಬೇರೆ: ಕೂಗಿಗೆ ಯಾರೂ ಓಗೊಟ್ಟಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ನಂಬರು ಇಟ್ಟುಕೊಂಡಿದೆ. ಆಗ ಕೇಬಲ್, ಸ್ವಿಚ್, ರೂಟರ್ ನೋಡಬೇಕು. ಹಂಚಲು ನಂಬರು ಉಳಿದಿದೆಯೇ ಎಂದೂ ನೋಡಬೇಕು. ಇಪ್ಪತ್ತು ಜನರ ಆಫೀಸಿನಲ್ಲಿ ಫೋನುಗಳೇ ಇಪ್ಪತ್ತು ನಂಬರು ಹಿಡಿದಿರುತ್ತವೆ.

ಕೈಬರಹದ ಮದ್ದು ಏನು ಮಾಡುತ್ತದೆಂದರೆ, ರೂಟರಿಗೆ ಹೇಳದೆ ಅದರ ಚೀಲದಿಂದ ಒಂದು ನಂಬರು ತೆಗೆದುಕೊಳ್ಳುತ್ತದೆ. ಸಂಜೆ ಆ ಕಂಪ್ಯೂಟರ್ ಆಫ್ ಆದಮೇಲೆ ರೂಟರ್ ಅದೇ ನಂಬರನ್ನು ಯಾರದೋ ಫೋನಿಗೆ ಕೊಡುತ್ತದೆ. ಬೆಳಿಗ್ಗೆ ಜಗಳ. ರಾಜಾಜಿನಗರ ಕೈಗಾರಿಕಾ ಬಡಾವಣೆಯ ಸಣ್ಣ ಶೆಡ್ಡುಗಳಲ್ಲಂತೂ ಸಿಸಿಟಿವಿಯವರು ಒಂದು ನಂಬರು ಹಾಕಿ ಹೋಗಿರುತ್ತಾರೆ, ಹಾಜರಿ ಯಂತ್ರದವರು ಒಂದು, ಪ್ರಿಂಟರಿನವರು ಇನ್ನೊಂದು. ಯಾರೂ ಬರೆದಿಟ್ಟಿರುವುದಿಲ್ಲ. ಜಿಎಸ್‌ಟಿ ಕಟ್ಟುವ 20ನೇ ತಾರೀಖಿನಂದು ಟ್ಯಾಲಿ ನಿಂತಾಗ, ಪ್ಯಾಂಟ್ರಿಯ ಪಕ್ಕದ ಕ್ಯಾಮೆರಾ ಅದಕ್ಕೆ ಕಾರಣವೆಂದು ಯಾರಿಗೆ ಹೊಳೆಯಬೇಕು?

ಪ್ರಿಂಟರಿಗೆ, ಟ್ಯಾಲಿ ಇರುವ ಕಂಪ್ಯೂಟರಿಗೆ ಖಾಯಂ ನಂಬರು ಬೇಕು, ನಿಜ. ಅದನ್ನು ರೂಟರಿನಲ್ಲೇ ಆ ಯಂತ್ರದ ಗುರುತಾದ ಮ್ಯಾಕ್ ವಿಳಾಸದ ಹೆಸರಿಗೆ ಕಾದಿರಿಸಬಹುದು. ಇಲ್ಲವೇ ಅದೇ ಸಾಲಿನಲ್ಲಿ, ರೂಟರ್ ಹಂಚುವ ಚೀಲದ ಹೊರಗಿನ ನಂಬರು ಕೊಡಬಹುದು. ಐದು ನಿಮಿಷದ ಕೆಲಸ.

ಆಫ್-ಆನ್ ಮದ್ದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಿಕ್ಕಿಹಾಕಿಕೊಂಡ ರೂಟರ್ ಅದರಿಂದ ಬಿಡಿಸಿಕೊಳ್ಳುತ್ತದೆ. ಆದರೆ ಮನೆಬಳಕೆಯ ಎಷ್ಟೋ ರೂಟರ್‌ಗಳು ಆಫ್ ಆದೊಡನೆ ಯಾರಿಗೆ ಯಾವ ನಂಬರು ಕೊಟ್ಟಿದ್ದೆವೆಂಬುದನ್ನು ಮರೆಯುತ್ತವೆ. ಕರೆಂಟ್ ಹೋದಾಗ ಆಗುವುದೂ ಇದೇ: ಕಂಪ್ಯೂಟರುಗಳು ಯುಪಿಎಸ್ ಮೇಲೆ ಬದುಕಿರುತ್ತವೆ, ಗೋಡೆಯ ಪ್ಲಗ್ಗಿನಲ್ಲಿರುವ ರೂಟರ್ ಸತ್ತು ಹುಟ್ಟುತ್ತದೆ, ಕೊಟ್ಟ ನಂಬರನ್ನೇ ಮತ್ತೊಬ್ಬರಿಗೆ ಕೊಡುವ ಅಪಾಯ ಶುರುವಾಗುತ್ತದೆ.

ನಿಮ್ಮದೊಂದು ಸಣ್ಣ ಆಫೀಸಿದ್ದರೆ ಈ ವಾರವೇ ರೂಟರನ್ನು ಯುಪಿಎಸ್ಸಿಗೆ ಸೇರಿಸಿ. ಅದು ಹಂಚುವ ನಂಬರು ಎಲ್ಲಿಂದ ಎಲ್ಲಿಯವರೆಗೆ, ಖಾಯಂ ನಂಬರು ಯಾವ ಯಂತ್ರಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿ. ಮುಂದಿನ ಸಲ ಬರುವ ಟೆಕ್ನಿಷಿಯನ್ ಕೀಬೋರ್ಡ್ ಮುಟ್ಟುವ ಮೊದಲು ಆ ಹಾಳೆ ಓದಲಿ.