ಮಾತು ಬಿಟ್ಟ ಹಾಡು: ಜೆಫ್ ಬೆಕ್‌ರ ಎರಡು ಫ್ಯೂಷನ್ ಆಲ್ಬಂಗಳ ಒಂದು ಓದು

(ಗಡಿನಾಡ ಕನ್ನಡ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಹಿಂದೆ ಮಂಡನೆಯಾದ ಪ್ರಬಂಧಗಳು ಗಡಿನಾಡಿನ ಶಾಲೆ, ಪಠ್ಯಪುಸ್ತಕಗಳ ಬಗ್ಗೆ ಇದ್ದವು. ನಾನು ಮಾತಾಡ್ಲಿಕ್ಕೆ ಹೊರಟದ್ದು ಒಬ್ಬ ಇಂಗ್ಲಿಷ್ ಗಿಟಾರ್ ವಾದಕನ ಎರಡು ಆಲ್ಬಂಗಳ ಬಗ್ಗೆ. ‘ಇದಕ್ಕೂ ಕನ್ನಡ ವಿಭಾಗಕ್ಕೂ ಎಂತ ಸಂಬಂಧ?’ ಅಂತ ಚಾಟ್‌ನಲ್ಲಿ ಆಗಲೇ ಒಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಆಸಕ್ತಿ ಎರಡು ವಿಷಯದಲ್ಲಿ ಉಂಟು. ಒಂದು, ಎರಡು ಪರಂಪರೆಗಳು ಬೆರೆತು ಹುಟ್ಟಿದ ಕೃತಿಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಎರಡು, ಕೈಚಳಕ ಎಲ್ಲಿ ಅರ್ಥವಾಗ್ತದೆ, ಎಲ್ಲಿ ಬರೀ ಕೈಚಳಕವಾಗಿಯೇ ಉಳೀತದೆ? ಈ ಎರಡೂ ಸಾಹಿತ್ಯ ವಿಮರ್ಶೆಯ ಹಳೆಯ ಪ್ರಶ್ನೆಗಳೇ. ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವು ಹೆಚ್ಚಾಗಿ ಅದರ ‘ಸಾಹಿತ್ಯ’ದ ಬಗ್ಗೆ ಬರೀತೇವೆ. ಪದವೇ ಇಲ್ಲದ ಸಂಗೀತದ ಎದುರು ನಮ್ಮ ಪರಿಭಾಷೆ ಎಷ್ಟು ದೂರ ನಡೀತದೆ ಅಂತ ನೋಡುವುದು ಈ ಪ್ರಬಂಧದ ಉದ್ದೇಶ.

ಮೊದಲು ಹಿನ್ನೆಲೆ. ಜಾಝ್ ಮತ್ತು ರಾಕ್ ಬೆರೆಯುವ ಹಾದಿಯಲ್ಲಿ ಮೊದಲ ದೊಡ್ಡ ಹೆಜ್ಜೆಗಳನ್ನು ಇಟ್ಟವರು ಬಹುಪಾಲು ಜಾಝ್ ಕಡೆಯವರು. ಮೈಲ್ಸ್ ಡೇವಿಸ್‌ರ ‘ಬಿಚಸ್ ಬ್ರೂ’ ಬಂದದ್ದು 1970ರಲ್ಲಿ. ಅದರಲ್ಲಿ ಗಿಟಾರ್ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದ ಮೊದಲ ಆಲ್ಬಂ ತಂದರು. ಇವರೆಲ್ಲ ಜಾಝ್‌ನ ಸಂಗತಿಗಳನ್ನು ಕರಗತ ಮಾಡಿಕೊಂಡ ಮೇಲೆ ರಾಕ್‌ನ ವಿದ್ಯುತ್ತನ್ನು, ಅಬ್ಬರವನ್ನು ತೆಗೆದುಕೊಂಡವರು. ಜೆಫ್ ಬೆಕ್ (1944–2023) ಬಂದದ್ದು ಎದುರು ದಿಕ್ಕಿನಿಂದ. ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹೆಸರು ಮಾಡಿ, ರಾಡ್ ಸ್ಟೂವರ್ಟ್ ಹಾಡಿದ ‘ಟ್ರೂತ್’ (1968) ಆಲ್ಬಂ ತಂದ ಪಕ್ಕಾ ರಾಕ್ ಮನುಷ್ಯ. ಅಂಥವರು 1975ರಲ್ಲಿ ಹಾಡುಗಾರನೇ ಇಲ್ಲದ ‘ಬ್ಲೋ ಬೈ ಬ್ಲೋ’ ತಂದರು. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಮರುವರ್ಷ, 1976ರಲ್ಲಿ, ‘ವೈರ್ಡ್’ ಬಂತು.

ಹಾಡುಗಾರ ಇಲ್ಲ ಅಂದ್ರೆ ಏನರ್ಥ? ರಾಕ್‌ನಲ್ಲಿ ಗಿಟಾರ್‌ಗೆ ಒಂದು ನಿಗದಿತ ಜಾಗ ಉಂಟು: ಎರಡು ಚರಣಗಳ ನಡುವೆ ಒಂದಷ್ಟು ಹೊತ್ತು. ಆ ಜಾಗದಲ್ಲಿ ಎಷ್ಟು ಮೆರೆದರೂ ನಡೀತದೆ, ಯಾಕಂದ್ರೆ ಹಾಡು ಮತ್ತೆ ಬಂದು ಕಥೆಯನ್ನು ಕೈಗೆತ್ತಿಕೊಳ್ತದೆ. ಹಾಡನ್ನೇ ತೆಗೆದುಹಾಕಿದರೆ ಕಥೆ ಹೇಳುವ ಹೊಣೆ ಪೂರ್ತಿ ಗಿಟಾರ್‌ನ ಮೇಲೆ ಬೀಳ್ತದೆ. ರಾಕ್ ನಿಪುಣರ ಅನೇಕ ಫ್ಯೂಷನ್ ಪ್ರಯತ್ನಗಳು ಎಡವುವುದು ಇಲ್ಲೇ. ಎರಡು ಚರಣಗಳ ನಡುವಿನ ಮೆರೆದಾಟವನ್ನೇ ನಲವತ್ತು ನಿಮಿಷಕ್ಕೆ ಎಳೀತಾರೆ.

ಇದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ನಮ್ಮಲ್ಲಿ ಎರಡು ಉಪಕರಣಗಳಿವೆ. ಒಂದು ಶಾಸ್ತ್ರದ್ದು. ಆನಂದವರ್ಧನ ಕಾವ್ಯವನ್ನು ವಿಂಗಡಿಸುವಾಗ ಧ್ವನಿಕಾವ್ಯವನ್ನು ಮೇಲಿಟ್ಟು, ಬರೀ ಶಬ್ದದ ಅಥವಾ ಅರ್ಥದ ಚಮತ್ಕಾರಕ್ಕೆ ನಿಂತದ್ದನ್ನು ‘ಚಿತ್ರ’ ಅಂತ ಕರೆದು ಕೆಳಗಿಡ್ತಾನೆ. ಚಿತ್ರಕಾವ್ಯ ಬರೆಯುವುದು ಸುಲಭ ಅಂತ ಅಲ್ಲ, ತುಂಬ ಕಷ್ಟ. ಕಷ್ಟವೇ ಅದರ ವಸ್ತು, ತೊಂದರೆ ಇರುವುದು ಅಲ್ಲಿ. ಇನ್ನೊಂದು ಉಪಕರಣ ನಮ್ಮ ಕಾಸರಗೋಡು ಕಡೆಯದ್ದು: ತಾಳಮದ್ದಳೆ. ಅಲ್ಲಿ ಭಾಗವತರ ಪದ್ಯ ಮೊದಲೇ ನಿಗದಿ, ಅರ್ಥಧಾರಿಯ ಮಾತು ಆ ಕ್ಷಣದ್ದು. ಎಷ್ಟು ವಿಸ್ತರಿಸಿದರೂ ಪದ್ಯದ ಆವರಣ ಬಿಡುವ ಹಾಗಿಲ್ಲ. ಇದಿರು ಕೂತವನಿಗೆ ಮಾತಿನ ಅವಕಾಶ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರು ಕೇಳಿ ಬೆಳೆದ ಊರಿನವರಿಗೆ ಪಾಂಡಿತ್ಯಕ್ಕೂ ಪಾಂಡಿತ್ಯ ಪ್ರದರ್ಶನಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಜಾಝ್‌ನಲ್ಲಿಯೂ ಮುಖ್ಯ ರಾಗಧಾಟಿಯೊಂದನ್ನು ಮೊದಲು ನುಡಿಸಿ, ಅದರ ಚೌಕಟ್ಟಿನೊಳಗೆ ಆಶುವಿಸ್ತಾರ ಮಾಡುವುದು ಕ್ರಮ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಎರಡರಲ್ಲೂ ಕೇಳುಗ ಕೇಳುವ ಪ್ರಶ್ನೆ ಮಾತ್ರ ಒಂದೇ: ಈ ವಿಸ್ತಾರ ಪದ್ಯಕ್ಕೆ ಏನು ಸೇರಿಸಿತು?

ಈಗ ಕೃತಿಗೆ ಬರ್ತೇನೆ. ‘ಬ್ಲೋ ಬೈ ಬ್ಲೋ’ದ ಎರಡನೇ ಬದಿ ಶುರುವಾಗುವುದು ‘ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್’ ಎಂಬ, ಆರು ನಿಮಿಷಕ್ಕೆ ಹತ್ತಿರದ ರಚನೆಯಿಂದ. ಬರೆದವರು ಸ್ಟೀವಿ ವಂಡರ್. ಬೆಕ್‌ಗಿಂತ ಮೊದಲು, 1974ರ ಆಲ್ಬಂನಲ್ಲಿ, ಗಾಯಕಿ ಸಿರೀಟಾ ಇದನ್ನು ಪದಗಳೊಂದಿಗೆ ಹಾಡಿದ್ದಾರೆ. ಬೆಕ್ ಪದಗಳನ್ನು ಬಿಟ್ಟರು. ಬಿಟ್ಟ ಜಾಗದಲ್ಲಿ ಏನಿಟ್ಟರು ಅನ್ನುವುದು ಮುಖ್ಯ. ಶುರುವಿನಲ್ಲಿ ಅವರು ತಂತಿ ಮೀಟುವಾಗ ಸದ್ದಿನ ಮಟ್ಟವನ್ನು ಇಳಿಸಿಟ್ಟು, ಮೀಟಿದ ಮೇಲೆ ನಿಧಾನ ಏರಿಸ್ತಾರೆ. ಮೀಟಿದ ಪೆಟ್ಟು ಕೇಳುವುದೇ ಇಲ್ಲ, ನಾದ ಮಾತ್ರ ಎಲ್ಲಿಂದಲೋ ಎದ್ದು ಬರ್ತದೆ. ಭಾಷೆಯ ವಿದ್ಯಾರ್ಥಿಯಾಗಿ ನನಗೆ ಇದು ವ್ಯಂಜನವನ್ನು ಉದುರಿಸಿ ಸ್ವರ ಒಂದನ್ನೇ ಉಳಿಸಿಕೊಂಡ ಹಾಗೆ ಕೇಳ್ತದೆ. ಅಳು ತಡೆದುಕೊಂಡು ಮಾತಾಡುವವರ ಬಾಯಲ್ಲಿ ಮೊದಲು ಕರಗುವುದು ವ್ಯಂಜನಗಳೇ. ರಚನೆ ನಡುವೆ ಏರಿ, ವೇಗದ ತುಣುಕುಗಳಲ್ಲಿ ಒಡೆದು, ಮತ್ತೆ ಇಳೀತದೆ. ಆ ವೇಗ ಅಲ್ಲಿ ಬೇಕು. ಅದುವರೆಗೆ ಹಿಡಿದಿಟ್ಟದ್ದು ಒಡೆಯುವ ಜಾಗ ಅದು. ಹೆಚ್ಚು ಹೊತ್ತು ಸುಮ್ಮನಿದ್ದವರಿಗೆ ಮಾತ್ರ ಹೀಗೆ ಒಮ್ಮೆ ಗದ್ದಲ ಮಾಡುವ ಹಕ್ಕು ಇರ್ತದೆ.

ಮೊದಲ ಬದಿಯಲ್ಲಿರುವ ‘ಶೀ ಈಸ್ ಎ ವುಮನ್’ ಬೇರೆ ಥರದ ಪ್ರಯೋಗ. ಇದು 1964ರ ಬೀಟಲ್ಸ್ ಹಾಡು. ಇಲ್ಲಿ ಬೆಕ್ ‘ಟಾಕ್ ಬಾಕ್ಸ್’ ಬಳಸ್ತಾರೆ. ಗಿಟಾರ್‌ನ ಸದ್ದು ಒಂದು ಕೊಳವೆಯ ಮೂಲಕ ವಾದಕನ ಬಾಯಿಗೆ ಬರ್ತದೆ. ಬಾಯಿಯ ಆಕಾರ ಬದಲಾದಂತೆ ಸದ್ದೂ ಬದಲಾಗ್ತದೆ. ಅದನ್ನು ಮೈಕ್ ಹಿಡಿದುಕೊಳ್ತದೆ. ಗಂಟಲು ಸುಮ್ಮನಿದ್ದು, ಬಾಯಿ ಮಾತ್ರ ಹಾಡನ್ನು ನೆನಪಿಸಿಕೊಳ್ತದೆ. ಚಮತ್ಕಾರ ಹೌದು, ಆದ್ರೆ ತಮಾಷೆಯ, ಆತ್ಮೀಯ ಚಮತ್ಕಾರ. ಮೂಲ ಹಾಡು ಗೊತ್ತಿದ್ದವರಿಗೆ ಕಳೆದುಹೋದ ಪದಗಳ ನೆರಳು ಕೇಳ್ತದೆ.

ಹಾಗಂತ ಆಲ್ಬಂ ಪೂರ್ತಿ ಹೀಗೆಯೇ ಉಂಟು ಅಂತ ಹೇಳಿದರೆ ವಿಮರ್ಶೆ ಆಗುವುದಿಲ್ಲ. ‘ಕಾನ್‌ಸ್ಟಿಪೇಟೆಡ್ ಡಕ್’ ಒಂದು ಫಂಕ್ ಲಯದ ಮೇಲೆ ಮಾಡಿದ ಕಾಲಹರಣ. ‘ಸ್ಕ್ಯಾಟರ್‌ಬ್ರೇನ್’ನ ಮುಖ್ಯ ಧಾಟಿ ಒಂಬತ್ತರ ಎಣಿಕೆಯಲ್ಲಿ ಓಡ್ತದೆ. ಮೊದಲ ಸಲ ಕೇಳಿದಾಗ ಬೆರಗು, ಐದನೇ ಸಲ ಎಣಿಕೆ ಮಾತ್ರ ಉಳೀತದೆ. ನನ್ನ ಮಟ್ಟಿಗೆ ಅದು ಚಿತ್ರಕಾವ್ಯದ ಸೀಮೆ. ಕೊನೆಯ ರಚನೆ, ಬರ್ನಿ ಹಾಲೆಂಡ್ ಬರೆದ ‘ಡೈಮಂಡ್ ಡಸ್ಟ್’, ಐದರ ಎಣಿಕೆಯದ್ದು. ಎಂಟು ನಿಮಿಷ ದಾಟ್ತದೆ. ಆದ್ರೆ ಅಲ್ಲಿ ಐದು ಎಣಿಸ್ಬೇಕು ಅಂತಲೇ ಅನಿಸುವುದಿಲ್ಲ. ನಡಿಗೆಯಲ್ಲಿ ಒಂದು ಸಣ್ಣ ಹಿಂಜರಿಕೆ ಇದ್ದ ಹಾಗೆ ಕೇಳ್ತದೆ. ಎರಡೂ ಕಷ್ಟದ ತಾಳಗಳೇ. ಒಂದು ತನ್ನ ಕಷ್ಟವನ್ನು ತೋರಿಸ್ತದೆ, ಇನ್ನೊಂದು ಅದನ್ನು ಭಾವಕ್ಕೆ ತಿರುಗಿಸ್ತದೆ.

ಈ ಸಂಯಮದ ಹಿಂದೆ ಇನ್ನೊಬ್ಬರಿದ್ದಾರೆ: ನಿರ್ಮಾಪಕ ಜಾರ್ಜ್ ಮಾರ್ಟಿನ್. ಬೀಟಲ್ಸ್ ಹಾಡುಗಳನ್ನು ನಿರ್ಮಿಸಿದ ಅದೇ ವ್ಯಕ್ತಿ, ಅಂದ್ರೆ ಮೂಲ ‘ಶೀ ಈಸ್ ಎ ವುಮನ್’ ಕೂಡ ಅವರದ್ದೇ ನಿರ್ಮಾಣ. 1974ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದ ‘ಅಪೊಕ್ಯಾಲಿಪ್ಸ್’ ಮಾಡಿದವರೂ ಅವರೇ. ‘ಸ್ಕ್ಯಾಟರ್‌ಬ್ರೇನ್’ ಮತ್ತು ‘ಡೈಮಂಡ್ ಡಸ್ಟ್’ಗೆ ತಂತಿವಾದ್ಯಗಳ ಹಿನ್ನೆಲೆ ಕೂಡಿಸಿದ್ದು ಅವರು. ಕೀಬೋರ್ಡ್‌ನ ಮ್ಯಾಕ್ಸ್ ಮಿಡಲ್ಟನ್, ಬಾಸ್‌ನ ಫಿಲ್ ಚೆನ್, ಡ್ರಮ್ಸ್‌ನ ರಿಚರ್ಡ್ ಬೇಯ್ಲಿ ಇವರು ಗಿಟಾರ್‌ಗೆ ಜಾಗ ಬಿಡುವುದನ್ನೂ ಗಮನಿಸಬೇಕು. ನಾವು ‘ಒಬ್ಬ ನಿಪುಣನ ಆಲ್ಬಂ’ ಅಂತೇವೆ. ಒಳ್ಳೆಯ ಸಂಪಾದಕ ಇದ್ದ ಪುಸ್ತಕದ ಹಾಗೆ, ಇಲ್ಲಿ ಬಿಟ್ಟದ್ದರಲ್ಲಿ ಬೇರೆಯವರ ಕೈ ತುಂಬ ಉಂಟು.

‘ವೈರ್ಡ್’ನಲ್ಲಿ ಸಮತೋಲ ಬದಲಾಗ್ತದೆ. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ನುಡಿಸಿದ್ದ ಇಬ್ಬರು, ಸಿಂಥಸೈಜರ್‌ನ ಯಾನ್ ಹ್ಯಾಮರ್ ಮತ್ತು ಡ್ರಮ್ಸ್‌ನ ನಾರದ ಮೈಕೆಲ್ ವಾಲ್ಡನ್, ಒಳಗೆ ಬರ್ತಾರೆ. ಹ್ಯಾಮರ್ ಸಿಂಥಸೈಜರ್‌ನಲ್ಲಿ ಸ್ವರವನ್ನು ಗಿಟಾರ್ ತಂತಿಯ ಹಾಗೆಯೇ ಬಾಗಿಸ್ತಾರೆ. ಅವರೇ ಬರೆದ ‘ಬ್ಲೂ ವಿಂಡ್’ನಲ್ಲಿ ಇಬ್ಬರೂ ಸರದಿಯಂತೆ ನುಡಿಸುವಾಗ ಯಾವುದು ಯಾರದ್ದು ಅಂತ ಗುರುತಿಸುವುದು ಸುಲಭ ಅಲ್ಲ. ಸಮಬಲದ ಇದಿರು ಅರ್ಥ ಸಿಕ್ಕಿದ ಹಾಗೆ. ಸಂವಾದ ಬಿಸಿಯೇರ್ತದೆ, ಆದ್ರೆ ಪದ್ಯ ಮಾತ್ರ ಚಿಕ್ಕದು. ಗೆಲ್ಲುವ ಹಟ ಕೇಳ್ತದೆ, ಪ್ರಸಂಗ ಯಾವುದು ಅಂತ ಕೇಳುವುದಿಲ್ಲ.

ಅದೇ ಆಲ್ಬಂನಲ್ಲಿ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಉಂಟು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ 1959ರಲ್ಲಿ ತೀರಿಕೊಂಡಾಗ ಚಾರ್ಲ್ಸ್ ಮಿಂಗಸ್ ಬರೆದ ಚರಮಗೀತೆ. ಶೀರ್ಷಿಕೆಯಲ್ಲಿರುವುದು ಯಂಗ್ ತೊಡುತ್ತಿದ್ದ ಟೋಪಿ. ರಾಕ್‌ನವನೊಬ್ಬ ಜಾಝ್ ಮನೆಯ ಸೂತಕದೊಳಗೆ ಕಾಲಿಡುವಾಗ ಹೇಗೆ ನಡೆದುಕೊಳ್ಬೇಕು? ಬೆಕ್ ಜಾಝ್ ವಾದಕನ ವೇಷ ಹಾಕುವುದಿಲ್ಲ. ತನಗೆ ಗೊತ್ತಿರುವ ಬ್ಲೂಸ್ ಬಾಗುವಿಕೆಯಲ್ಲೇ, ತನ್ನ ಆಂಪ್ಲಿಫೈಯರ್‌ನ ಒರಟು ದನಿಯಲ್ಲೇ ಶೋಕ ಹೇಳ್ತಾರೆ. ನಮ್ಮ ಭಾಷೆ ಅಲ್ಲದ ಮನೆಗೆ ಸಾವಿಗೆ ಹೋದಾಗ ನಮ್ಮದೇ ಭಾಷೆಯಲ್ಲಿ ಎರಡು ಮಾತು ಆಡಿ ಬರುವ ಮರ್ಯಾದೆ ಅದು. ಇದೇ ರಚನೆಗೆ 1979ರ ‘ಮಿಂಗಸ್’ ಆಲ್ಬಂನಲ್ಲಿ ಜೋನಿ ಮಿಚೆಲ್ ಪದ ಬರೆದರು. ಪದ ಇದ್ದ ಸ್ಟೀವಿ ವಂಡರ್‌ರ ಹಾಡು ಬೆಕ್ ಕೈಯಲ್ಲಿ ಪದ ಕಳೆದುಕೊಂಡಿತು. ಪದ ಇಲ್ಲದ ಮಿಂಗಸ್‌ರ ಶೋಕ ಮಿಚೆಲ್ ಕೈಯಲ್ಲಿ ಪದ ಪಡೆಯಿತು. ಹೋಗಿಬರುವ ದಾರಿ ಎರಡೂ ಕಡೆಗೆ ತೆರೆದಿದೆ.

ಇನ್ನು ಬೆರಕೆಯ ಪ್ರಶ್ನೆ. ಬೆಕ್‌ರ ಸ್ವರ ಬಾಗುವುದನ್ನು ಕೇಳಿ ‘ಇದು ನಮ್ಮ ಗಮಕವೇ, ನಮ್ಮಲ್ಲಿ ಮೊದಲೇ ಇತ್ತು’ ಅನ್ನುವುದು ಸುಲಭ. ಆದ್ರೆ ಆ ಬಾಗು ಬಂದದ್ದು ಬ್ಲೂಸ್‌ನಿಂದ, ಅಮೆರಿಕದ ಕಪ್ಪು ಜನರ ಸಂಗೀತದಿಂದ. ಅದನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ತಪ್ಪು. ನಿಜವಾದ ಸಂಬಂಧ ಬೇಕಾದರೆ ಬೇರೆ ಕಡೆ ಉಂಟು. ಮಿಂಗಸ್‌ರ 1963ರ ‘ದಿ ಬ್ಲ್ಯಾಕ್ ಸೇಂಟ್ ಆ್ಯಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ, ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಗಾಯಕಿ ಆರ್. ಎ. ರಮಾಮಣಿಯವರೊಂದಿಗೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಅದು ಮನುಷ್ಯರು ಒಟ್ಟಿಗೆ ಕೂತು ಕಟ್ಟಿದ ಸಂಬಂಧ, ಹೋಲಿಕೆಯಿಂದ ಕಲ್ಪಿಸಿಕೊಂಡದ್ದಲ್ಲ.

ಕಾಸರಗೋಡಿನ ಕನ್ನಡದಲ್ಲಿ ತುಳು, ಮಲಯಾಳ ಬೆರೆತಿದೆ ಅಂತ ಒಂದು ಕಡೆಯವರು ಮೂಗು ಮುರೀತಾರೆ. ಬೆರೆತದ್ದೇ ಚಂದ ಅಂತ ಇನ್ನೊಂದು ಕಡೆಯವರು ಹೊಗಳ್ತಾರೆ. ಎರಡೂ ಕಿವಿಗೊಟ್ಟು ಕೇಳದವರ ಮಾತು. ಬೆರಕೆ ಎಂಬುದು ಗುಣವೂ ಅಲ್ಲ, ದೋಷವೂ ಅಲ್ಲ. ಅದು ಒಂದು ಪರಿಸ್ಥಿತಿ. ಆ ಪರಿಸ್ಥಿತಿಯಲ್ಲಿ ನಿಂತು ಹೇಳ್ಲಿಕ್ಕೆ ಏನಾದರೂ ಇದೆಯಾ ಅನ್ನುವುದು ಪ್ರಶ್ನೆ. ‘ಬ್ಲೋ ಬೈ ಬ್ಲೋ’ದ ಎರಡನೇ ಬದಿಗೆ ಹೇಳ್ಲಿಕ್ಕೆ ಉಂಟು, ಮೊದಲ ಬದಿಗೆ ಅಲ್ಲಲ್ಲಿ ಮಾತ್ರ, ‘ವೈರ್ಡ್’ಗೆ ಮಿಂಗಸ್ ಎದುರು ನಿಂತಾಗ. ಇದು ನನ್ನ ತೀರ್ಮಾನ.

ಚರ್ಚೆಯಿಂದ

ಪ್ರಶ್ನೆ: ಧ್ವನಿ ಸಿದ್ಧಾಂತಕ್ಕೆ ವಾಚ್ಯಾರ್ಥದ ಆಧಾರ ಬೇಕಲ್ವಾ? ಪದವೇ ಇಲ್ಲದಲ್ಲಿ ವಾಚ್ಯ ಎಲ್ಲಿ, ವ್ಯಂಗ್ಯ ಎಲ್ಲಿ?

ಉತ್ತರ: ಒಳ್ಳೆಯ ಪ್ರಶ್ನೆ, ಮೇಡಂ. ಇದಕ್ಕೆ ಆನಂದವರ್ಧನನಲ್ಲೇ ಉತ್ತರ ಉಂಟು. ‘ಧ್ವನ್ಯಾಲೋಕ’ದ ಮೂರನೇ ಉದ್ಯೋತದಲ್ಲಿ, ವ್ಯಂಜಕತ್ವ ಬೇರೆ ವಾಚಕತ್ವ ಬೇರೆ ಅಂತ ಸಾಧಿಸುವಾಗ ಅವನು ಕೊಡುವ ಒಂದು ಸಾಕ್ಷಿ ಸಂಗೀತದ ನಾದವೇ. ಅದಕ್ಕೆ ವಾಚ್ಯಾರ್ಥ ಇಲ್ಲ, ಆದರೂ ರಸ ತಿಳೀತದಲ್ಲ ಅಂತ. ಅಂದ್ರೆ ಪದವಿಲ್ಲದ ಸಂಗೀತ ಆ ಸಿದ್ಧಾಂತದ ಹೊರಗಿನದ್ದಲ್ಲ, ಅದರ ಆಧಾರಗಳಲ್ಲೇ ಒಂದು. ಇನ್ನೊಂದು ಮಾತು. ಬೆಕ್‌ರ ಆಲ್ಬಂಗಳಲ್ಲಿ ಶೀರ್ಷಿಕೆಗಳು ಉಳಿದಿವೆ. ‘ಪ್ರೇಮಿಗಳಾಗಿ ನಮ್ಮದು ಮುಗಿಯಿತು’ ಎಂಬ ಅರ್ಥದ ಶೀರ್ಷಿಕೆ ಓದಿ ಕೇಳುವುದಕ್ಕೂ ಓದದೆ ಕೇಳುವುದಕ್ಕೂ ವ್ಯತ್ಯಾಸ ಉಂಟು. ಇವತ್ತು ಸಂಜೆ ತರಗತಿಯ ಗುಂಪಿನಲ್ಲಿ ಆ ರಚನೆಯನ್ನು ಹೆಸರು ಹೇಳದೆ ಹಾಕ್ತೇನೆ. ಕೇಳಿದ ಮೇಲೆ ಒಂದು ಹೆಸರು ಇಟ್ಟು ಕಳಿಸಿ. ಮುಂದಿನ ಚರ್ಚೆಗೆ ಅದೇ ಸಾಮಗ್ರಿ ಆಗ್ತದೆ.