ಲೋಹ-ಅಲೋಹ ಸೂತ್ರ: ಎಷ್ಟು ನಂಬಬಹುದು?

‘ಲೋಹವು ಅಲೋಹದೊಡನೆ ಸೇರಿದರೆ ಅಯಾನಿಕ ಸಂಯುಕ್ತ, ಎರಡೂ ಅಲೋಹಗಳಾದರೆ ಸಹವೇಲೆನ್ಸೀಯ ಸಂಯುಕ್ತ.’ ಈ ಸೂತ್ರವನ್ನು ನೀವು ಕಲಿತಿರುತ್ತೀರಿ ಇಲ್ಲವೆ ಕಲಿಸಿರುತ್ತೀರಿ. ಅಡುಗೆ ಉಪ್ಪು, ನೀರು, ಮೀಥೇನ್‌ಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಆಕ್ಷೇಪವಿರುವುದು ಸೂತ್ರದ ಬಗ್ಗೆಯಲ್ಲ, ಅದನ್ನು ನಿಯಮವೆಂದು ಬೋಧಿಸುವುದರ ಬಗ್ಗೆ.

ಅಲ್ಯೂಮಿನಿಯಮ್ ಕ್ಲೋರೈಡನ್ನೇ ನೋಡಿ. ಸೂತ್ರದ ಪ್ರಕಾರ ಅದು ಅಯಾನಿಕ. ಆದರೆ ಅಡುಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ಇದು ಸುಮಾರು 180 ಡಿಗ್ರಿಯಲ್ಲೇ ಉತ್ಪತನಗೊಳ್ಳುತ್ತದೆ. ಆವಿಯಲ್ಲಿರುವುದು ಎರಡು ಅಲ್ಯೂಮಿನಿಯಮ್ ಹಾಗೂ ಆರು ಕ್ಲೋರಿನ್ ಪರಮಾಣುಗಳ ಅಣುಗಳು. ಒತ್ತಡ ಹೇರಿ ದ್ರವವಾಗಿಸಿದರೂ ಅದು ವಿದ್ಯುತ್ತಿನ ದುರ್ಬಲ ವಾಹಕ. ತವರದ ಟೆಟ್ರಾಕ್ಲೋರೈಡಂತೂ ಕೋಣೆಯ ಉಷ್ಣತೆಯಲ್ಲಿ ದ್ರವ. ಇನ್ನೊಂದೆಡೆ, ಅಮೋನಿಯಮ್ ಕ್ಲೋರೈಡಿನಲ್ಲಿ, ಅಂದರೆ ನವಸಾಗರದಲ್ಲಿ, ಲೋಹವೇ ಇಲ್ಲ. ಆದರೂ ಅದು ಅಯಾನಿಕ.

ಹಾಗಾದರೆ ಪೌಲಿಂಗ್ 1932ರಲ್ಲಿ ಮಂಡಿಸಿದ ವಿದ್ಯುದೃಣತ್ವದ ಮಾನಕವನ್ನು ಬಳಸಿ, ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎನ್ನೋಣವೆ? ಹೈಡ್ರೊಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ ಸುಮಾರು 1.8, ಅದು ಸುಮಾರು 20 ಡಿಗ್ರಿಯಲ್ಲಿ ಕುದಿಯುವ, ಅಣುಗಳಿಂದಾದ ವಸ್ತು. ಲಿಥಿಯಮ್ ಅಯೊಡೈಡಿನಲ್ಲಿ ವ್ಯತ್ಯಾಸ ಅದಕ್ಕಿಂತ ಕಡಿಮೆ. ಆದರೆ ಅದು ಅಯಾನಿಕ ಸ್ಫಟಿಕ.

ಇದಕ್ಕೆ ಕಾರಣವನ್ನು ಫಾಯಾನ್ಸ್ 1923ರಲ್ಲೇ ಸೂಚಿಸಿದ್ದರು. ಧನ ಅಯಾನು ಚಿಕ್ಕದಾಗಿದ್ದು ಹೆಚ್ಚು ಆವೇಶ ಹೊತ್ತಿದ್ದರೆ, ಪಕ್ಕದ ಋಣ ಅಯಾನಿನ ಎಲೆಕ್ಟ್ರಾನ್ ಮೋಡವನ್ನು ತನ್ನೆಡೆಗೆ ಎಳೆಯುತ್ತದೆ. ಆಗ ಬಂಧಕ್ಕೆ ಸಹವೇಲೆನ್ಸೀಯ ಗುಣ ಬರುತ್ತದೆ. ಪುಟ್ಟ ಫ್ಲೋರೈಡ್ ಅಯಾನು ಈ ಎಳೆತಕ್ಕೆ ಸುಲಭವಾಗಿ ಬಗ್ಗದು. ಆದ್ದರಿಂದಲೇ ಅದೇ ಲೋಹದ ಫ್ಲೋರೈಡ್ 1,200 ಡಿಗ್ರಿಯವರೆಗೂ ಘನವಾಗಿಯೇ ಉಳಿಯುತ್ತದೆ. ಬಂಧಗಳು ಎರಡು ಪ್ರತ್ಯೇಕ ಪೆಟ್ಟಿಗೆಗಳಲ್ಲ. ಒಂದೇ ದಾರಿಯ ಎರಡು ಕೊನೆಗಳು.

ಪರೀಕ್ಷೆಗಳಲ್ಲೂ ಎಚ್ಚರ ಬೇಕು. ಹೈಡ್ರೊಜನ್ ಕ್ಲೋರೈಡ್ ನೀರಿನಲ್ಲಿ ಬೆರೆತಾಗ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಹರಿಸುತ್ತದೆ; ಹಾಗೆಂದು ಆ ಅನಿಲ ಅಯಾನಿಕವಲ್ಲ. ಬೆಣಚುಕಲ್ಲು 1,600 ಡಿಗ್ರಿಗೂ ಕರಗದು. ಆದರೂ ಅದರ ಬಂಧ ಮುಖ್ಯವಾಗಿ ಸಹವೇಲೆನ್ಸೀಯ. ಘನವಾಗಿದ್ದಾಗ ವಿದ್ಯುತ್ತನ್ನು ತಡೆದು, ನೀರಿಲ್ಲದೆ ಕರಗಿಸಿದಾಗ ಚೆನ್ನಾಗಿ ಹರಿಸುತ್ತದೆಯೆ ಎಂಬುದೇ ಹೆಚ್ಚು ಭರವಸೆಯ ಪ್ರಶ್ನೆ.

ಶಿಕ್ಷಕರಲ್ಲಿ ವಿನಂತಿ: ಸೂತ್ರವನ್ನು ಮೊದಲ ಊಹೆಯೆಂದು ಕಲಿಸಿ. ಬಳಿಕ ದ್ರವನಬಿಂದು ಮತ್ತು ವಾಹಕತೆಗಳ ಪಟ್ಟಿ ಕೊಟ್ಟು, ಊಹೆ ಎಲ್ಲಿ ತಪ್ಪಿತೆಂದು ಕೇಳಿ. ಅಲ್ಯೂಮಿನಿಯಮ್ ಕ್ಲೋರೈಡ್ ಸಹವೇಲೆನ್ಸೀಯವೆಂದು ಕಾರಣ ಸಹಿತ ಬರೆದ ವಿದ್ಯಾರ್ಥಿಯ ಅಂಕ ಕಳೆಯಬೇಡಿ. ಆತ ಸೂತ್ರವನ್ನು ಮೀರಿದ್ದಾನೆ, ವಿಜ್ಞಾನವನ್ನಲ್ಲ.