ಹಿಡಿಸದ ಪುಸ್ತಕಕ್ಕೂ ಒಂದು ಸಾಲು

ಗ್ರಂಥಸೂಚಿಯನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಬೇಕಾದಾಗ ತೆರೆದು, ಬೇಕಾದುದನ್ನು ನೋಡಿಕೊಂಡು ಮುಚ್ಚಿಡುತ್ತಾರೆ. ಆದರೆ ಕತೆಯ ಪುಸ್ತಕದಂತೆ ಕುಳಿತು ಓದಬಹುದಾದ ಗ್ರಂಥಸೂಚಿಯೊಂದಿದೆ. ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987-88ರಲ್ಲಿ, ಬಗ್ದಾದಿನಲ್ಲಿ ಸಿದ್ಧವಾದ 'ಅಲ್ ಫಿಹ್ರಿಸ್ತ್' ಅದು. ಅಬುಲ್ ಫರಜ್ ಮುಹಮ್ಮದ್ ಬಿನ್ ಇಸ್‌ಹಾಕ್ ಎಂಬವರು ಅದನ್ನು ಬರೆದರು. ಇಬ್ನ್ ನದೀಮ್ ಎಂಬ ಹೆಸರಿನಿಂದ ಅವರು ಪ್ರಸಿದ್ಧರು. ಅರಬ್ಬರದ್ದಿರಲಿ, ಇತರರದ್ದಿರಲಿ, ತಮ್ಮ ಕಾಲದವರೆಗೆ ಅರಬಿ ಭಾಷೆಯಲ್ಲಿ ಲಭ್ಯವಿದ್ದ ಎಲ್ಲ ಪುಸ್ತಕಗಳ ವಿವರ ಕೊಡುವುದು ಅವರ ಸಂಕಲ್ಪವಾಗಿತ್ತು. 'ಎಲ್ಲ' ಎಂಬ ಮಾತನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂಬುದೇ ಈ ಲೇಖನದ ವಿಷಯ.

ಇಬ್ನ್ ನದೀಮ್ ಮದ್ರಸದ ಗುರುವಾಗಿರಲಿಲ್ಲ. ಅವರು ವರ್ರಾಕ್ ಆಗಿದ್ದರು. ಅವರ ತಂದೆಯದ್ದೂ ಪುಸ್ತಕದ್ದೇ ವ್ಯಾಪಾರ. ವರ್ರಾಕ್ ಎಂದರೆ ಕಾಗದ ಮಾರುವವನು, ಕೇಳಿದ ಪುಸ್ತಕವನ್ನು ನಕಲು ಮಾಡಿ ಕೊಡುವವನು, ಹಳೆಯ ಪ್ರತಿಗಳನ್ನು ಕೊಳ್ಳುವವನು, ಮಾರುವವನು ಎಲ್ಲವೂ ಹೌದು. ಬಗ್ದಾದಿನಲ್ಲಿ ಇಂಥ ನೂರಕ್ಕೂ ಹೆಚ್ಚು ಅಂಗಡಿಗಳಿದ್ದವೆಂದು ಒಂಬತ್ತನೇ ಶತಮಾನದ ಯಾಕೂಬಿ ಬರೆದಿದ್ದಾರೆ. ಅಂಗಡಿಯಲ್ಲಿ ಕುಳಿತವನಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಫಿಕ್ಹ್ ಕೇಳಿಕೊಂಡು ಒಬ್ಬರು ಬರುತ್ತಾರೆ, ಮಧ್ಯಾಹ್ನ ಗಿಡುಗ ಸಾಕುವ ವಿದ್ಯೆಯ ಪುಸ್ತಕ ಕೇಳಿಕೊಂಡು ಇನ್ನೊಬ್ಬರು. ಇಬ್ಬರನ್ನೂ ಬರಿಗೈಯಲ್ಲಿ ಕಳುಹಿಸುವಂತಿಲ್ಲ. ವಿದ್ವಾಂಸನಿಗೆ ತನ್ನ ವಿಷಯದ ಪುಸ್ತಕವಷ್ಟೇ ಪುಸ್ತಕವಾಗಿ ಕಾಣಬಹುದು, ವ್ಯಾಪಾರಿಗೆ ಆ ಸುಖವಿಲ್ಲ.

ಈ ವ್ಯಾಪಾರಿ ಬುದ್ಧಿ ಫಿಹ್ರಿಸ್ತ್‌ನ ಉದ್ದಕ್ಕೂ ಕಾಣುತ್ತದೆ. ಕವಿಗಳ ಹೆಸರುಗಳನ್ನು ಕೊಡುವಾಗ ಅವರವರ ಕವಿತೆಗಳು ಒಟ್ಟು ಎಷ್ಟು ಹಾಳೆಗಳಾಗುತ್ತವೆ ಎಂದು ಬರೆಯುತ್ತಾರೆ. ಹಾಳೆ ಎಂದರೆ ಯಾವ ಹಾಳೆ? 'ಸುಲೈಮಾನೀ' ಹಾಳೆ, ಪುಟಕ್ಕೆ ಇಪ್ಪತ್ತು ಸಾಲು ಎಂದು ಮೊದಲೇ ಸ್ಪಷ್ಟಪಡಿಸುತ್ತಾರೆ. ಯಾರಾದರೂ ಅರ್ಧ ಪುಸ್ತಕವನ್ನು ಪೂರ್ತಿ ಪುಸ್ತಕವೆಂದು ಮಾರಲು ಬಂದರೆ ಕೊಳ್ಳುವವನಿಗೆ ಗೊತ್ತಾಗಬೇಕಲ್ಲ! ಸಾಹಿತ್ಯ ವಿಮರ್ಶೆಯ ಇತಿಹಾಸದಲ್ಲಿ ಓದುಗನ ಜೇಬಿನ ಬಗ್ಗೆ ಇಷ್ಟು ಕಾಳಜಿ ತೋರಿದವರು ಕಡಿಮೆ.

ಗ್ರಂಥದಲ್ಲಿ ಹತ್ತು ಅಧ್ಯಾಯಗಳಿವೆ. ಲಿಪಿಗಳು ಮತ್ತು ಧರ್ಮಗ್ರಂಥಗಳಿಂದ ಶುರುವಾಗಿ ವ್ಯಾಕರಣ, ಇತಿಹಾಸ, ಕಾವ್ಯ, ಕಲಾಮ್, ಫಿಕ್ಹ್ ಮತ್ತು ಹದೀಸ್ ಎಂದು ಸಾಗುವ ಮೊದಲ ಆರು ಅಧ್ಯಾಯಗಳು ನಿರೀಕ್ಷಿತ. ಏಳನೆಯದು ತತ್ವಶಾಸ್ತ್ರ, ಗಣಿತ, ಖಗೋಳ, ವೈದ್ಯ ಇತ್ಯಾದಿ 'ಪ್ರಾಚೀನ ವಿದ್ಯೆ'ಗಳಿಗೆ ಮೀಸಲು. ಯಹ್ಯಾ ಬಿನ್ ಖಾಲಿದ್ ಬರ್ಮಕಿಯ ಆಜ್ಞೆಯಂತೆ ಮಂಕಾ ಎಂಬ ಭಾರತೀಯ ವೈದ್ಯ ಸುಶ್ರುತನ ಗ್ರಂಥವನ್ನು ಅರಬಿಗೆ ತಂದ ವಿಷಯ ಸಿಗುವುದು ಇಲ್ಲಿಯೇ. ತತ್ವಜ್ಞಾನಿ ಅಲ್ ಕಿಂದಿಯ ಇನ್ನೂರಕ್ಕೂ ಹೆಚ್ಚು ಕೃತಿಗಳ ಪಟ್ಟಿಯೂ ಇಲ್ಲಿದೆ. ತರ್ಕ, ಸಂಗೀತ, ನಕ್ಷತ್ರಗಳ ಜೊತೆಗೆ ಖಡ್ಗದ ಬಗೆಗಳ ಮೇಲೂ ಆ ಪುಣ್ಯಾತ್ಮ ಬರೆದಿದ್ದರು. ಒಬ್ಬನೇ ಲೇಖಕ ಇಷ್ಟೊಂದು ಸಂಬಂಧವಿಲ್ಲದ ವಿಷಯಗಳಿಗೆ ಕೈಹಾಕುವುದು ಆ ಕಾಲಕ್ಕೆ ವಿಚಿತ್ರವಾಗಿ ಕಂಡಿರಲಿಲ್ಲ.

ಆದರೆ ನಿಜವಾದ ಸ್ವಾರಸ್ಯ ಎಂಟನೆಯ ಅಧ್ಯಾಯದಲ್ಲಿದೆ. ಬೇರೆಲ್ಲೂ ಸೇರದವು ಇಲ್ಲಿ ಸೇರಿವೆ. ರಾತ್ರಿ ಹೇಳುವ ಕತೆಗಳು, ಪ್ರೇಮಿಗಳ ಕತೆಗಳು, ಮಾಟಮಂತ್ರ, ಕಣ್ಕಟ್ಟು. ಮುಂದೆ ಕುದುರೆ ಸವಾರಿ, ಆಯುಧ, ಪಶುವೈದ್ಯ, ಬೇಟೆಯ ಹಕ್ಕಿಗಳು, ಕನಸಿನ ಅರ್ಥ, ಅಡುಗೆ, ಸುಗಂಧ, ವಿಷ, ತಾಯಿತ. ಗಂಭೀರ ವಿದ್ವಾಂಸರು ಮೂಗು ಮುರಿಯುವಂಥ ಸಂತೆ ಇದು. ಭಾರತದ ಕತೆಗಳೂ ಇಲ್ಲಿಯೇ ಇವೆ. ಕಲೀಲ ಮತ್ತು ದಿಮ್ನ, ಅಂದರೆ ನಮ್ಮ ಪಂಚತಂತ್ರದ ಅರಬಿ ರೂಪ, ಅದರ ಬಳಿಯಲ್ಲಿ ಸಿಂದ್‌ಬಾದ್, ಬುದ್ಧನ ಬದುಕಿನಿಂದ ಹುಟ್ಟಿದ ಬಿಲೌಹರ್ ಮತ್ತು ಬೂದಾಸಫ್‌ನ ಕತೆ. ಯಾವುದು ಮೂಲತಃ ಭಾರತದ್ದು, ಯಾವುದು ಪರ್ಷಿಯಾದ್ದು ಎಂಬ ಚರ್ಚೆಯನ್ನೂ ಅವರು ಮಾಡುತ್ತಾರೆ.

ಈ ಅಧ್ಯಾಯದಲ್ಲೇ ಅವರು 'ಹಝಾರ್ ಅಫ್ಸಾನ್' ಎಂಬ ಪರ್ಷಿಯನ್ ಕತೆಗಳ ಗ್ರಂಥದ ಪರಿಚಯ ಮಾಡಿಕೊಡುತ್ತಾರೆ. ಮದುವೆಯಾದ ಹೆಣ್ಣನ್ನು ಮರುದಿನ ಕೊಲ್ಲಿಸುವ ರಾಜ, ರಾತ್ರಿಯಿಂದ ರಾತ್ರಿಗೆ ಕತೆ ಬೆಳೆಸಿ ಜೀವ ಉಳಿಸಿಕೊಳ್ಳುವ ಶಹರ್‌ಝಾದ್. ಅದೇ ನಮಗೆಲ್ಲ ಗೊತ್ತಿರುವ 'ಸಾವಿರದ ಒಂದು ರಾತ್ರಿಗಳು' ಬೆಳೆದುಬಂದ ಬೇರು. ಜಹ್‌ಶಿಯಾರಿ ಎಂಬವರು ಇದೇ ಮಾದರಿಯಲ್ಲಿ ಸಾವಿರ ಕತೆಗಳನ್ನು ಕೂಡಿಸಲು ಹೊರಟು 480 ರಾತ್ರಿಗಳಷ್ಟು ಮುಗಿಸಿ ತೀರಿಕೊಂಡರು ಎಂಬ ವಿವರವನ್ನೂ ಕೊಡುತ್ತಾರೆ. ಇಷ್ಟೆಲ್ಲ ಹೇಳಿ, ಹಝಾರ್ ಅಫ್ಸಾನ್ ಅನ್ನು ತಾವು ಹಲವು ಬಾರಿ ಪೂರ್ತಿಯಾಗಿ ನೋಡಿದ್ದಾಗಿಯೂ ಅದು ಸತ್ವವಿಲ್ಲದ, ಸಪ್ಪೆಯಾದ ಪುಸ್ತಕವೆಂದೂ ತೀರ್ಪು ಕೊಡುತ್ತಾರೆ!

ಕಾಲ ಆ ತೀರ್ಪನ್ನು ತಿರುವಿ ಹಾಕಿತು. ಫಿಹ್ರಿಸ್ತ್‌ನಲ್ಲಿರುವ ಪುಸ್ತಕಗಳ ಪೈಕಿ ಇಂದು ಪ್ರಪಂಚದ ಮಕ್ಕಳಿಗೆ ಕೂಡ ಗೊತ್ತಿರುವ ಕೆಲವೇ ಹೆಸರುಗಳಲ್ಲಿ ಈ 'ಸಪ್ಪೆ' ಪುಸ್ತಕದ ಸಂತಾನವೂ ಒಂದು. ಇಬ್ನ್ ನದೀಮರ ಅಭಿರುಚಿ ಸೋತಿತೆಂದು ನಗುವವರು ನಗಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇಷ್ಟವಾಗದ ಪುಸ್ತಕವನ್ನು ಅವರು ಬಿಟ್ಟುಬಿಡಲಿಲ್ಲ. ಅದರ ಕತೆ, ಅದರ ಮೂಲ, ಅದರ ಬಗ್ಗೆ ಇದ್ದ ಊಹೆಗಳು ಎಲ್ಲವನ್ನೂ ಬರೆದು, ಕೊನೆಗೆ ತಮ್ಮ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಇಟ್ಟರು. ದಾಖಲೆ ಒಂದು ಕಡೆ, ರುಚಿ ಇನ್ನೊಂದು ಕಡೆ. ಈ ಎರಡನ್ನೂ ಕಲಸಿದ್ದರೆ ಆ ಪುಸ್ತಕದ ಹಳೆಯ ಚರಿತ್ರೆಯ ಒಂದು ದೊಡ್ಡ ಸಾಕ್ಷ್ಯ ನಮಗೆ ಸಿಗುತ್ತಿರಲಿಲ್ಲ. ಪುಸ್ತಕವನ್ನು ಪೂರ್ತಿ ನೋಡಿದ ಮೇಲೆ ತೆಗಳಿದ್ದಾರೆ ಎಂಬುದನ್ನೂ ಗಮನಿಸಬೇಕು. ಬೆನ್ನುಪುಟ ಓದಿ ವಿಮರ್ಶೆ ಬರೆಯುವ ನಮ್ಮ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ರುಚಿಯ ವಿಷಯದಲ್ಲಿ ಇದು ಸುಲಭ. ನಂಬಿಕೆಯ ವಿಷಯದಲ್ಲಿ? ಒಂಬತ್ತನೆಯ ಅಧ್ಯಾಯ ಈ ಪರೀಕ್ಷೆಯನ್ನು ಎದುರಿಸುತ್ತದೆ. ಅಲ್ಲಿ ಹರ್ರಾನಿನ ಸಾಬಿಯರು, ಮಾನಿಯ ಅನುಯಾಯಿಗಳು, ಭಾರತ ಮತ್ತು ಚೀನಾದ ಮತಗಳು ಬರುತ್ತವೆ. ಇಬ್ನ್ ನದೀಮ್ ಸ್ವತಃ ಮುಸ್ಲಿಮರು, ಶಿಯಾ ಒಲವಿನವರು. ಮಾನಿಯ ಮತ ಅವರ ಕಾಲದ ಅಧಿಕಾರಸ್ಥರಿಗೆ ಶುದ್ಧ ಧರ್ಮದ್ರೋಹವಾಗಿತ್ತು. ಆದರೂ ಮಾನಿಯ ಜನನ, ಬೋಧನೆ, ಬರೆದ ಪುಸ್ತಕಗಳು, ಪ್ರಾರ್ಥನೆ, ಉಪವಾಸ, ಅವನ ನಂತರದ ಗುರುಪರಂಪರೆಯನ್ನು ಎಷ್ಟು ವಿವರವಾಗಿ ಬರೆದರೆಂದರೆ, ಜರ್ಮನ್ ವಿದ್ವಾಂಸ ಗುಸ್ತಾವ್ ಫ್ಲ್ಯೂಗಲ್ 1862ರಲ್ಲಿ ಮಾನಿಯ ಬಗ್ಗೆ ಪುಸ್ತಕ ಬರೆದಾಗ ಫಿಹ್ರಿಸ್ತ್‌ನ ಈ ಭಾಗವನ್ನೇ ಆಧಾರವಾಗಿ ಇಟ್ಟುಕೊಂಡರು. ಒಂದು ಮತವನ್ನು ನಾಶಮಾಡಿದವರ ಊರಿನಲ್ಲೇ ಅದರ ಚರಿತ್ರೆ ಉಳಿಯಿತು.

ಈ ವಿವರಗಳನ್ನು ಅವರು ಕೂಡಿಸಿದ ರೀತಿಯೂ ನೋಡುವಂಥದ್ದು. ಭಾರತದ ಮತಗಳ ಬಗ್ಗೆ ಬರೆಯುವಾಗ, ಬರ್ಮಕಿ ಯಹ್ಯಾ ಔಷಧದ ಗಿಡಗಳನ್ನು ತರಲು, ಅಲ್ಲಿನ ಧರ್ಮಗಳ ವಿವರ ಬರೆದು ತರಲು ಭಾರತಕ್ಕೆ ಕಳುಹಿಸಿದವನ ವರದಿಯನ್ನು ಅಲ್ ಕಿಂದಿಯ ಕೈಬರಹದಲ್ಲಿ ನೋಡಿದ್ದಾಗಿ ಹೇಳುತ್ತಾರೆ. ಚೀನಾದ ಬಗ್ಗೆ ತಿಳಿಯಬೇಕಾದಾಗ ಬಗ್ದಾದಿನ ಕ್ರೈಸ್ತರ ಬೀದಿ ದಾರುರ್ರೂಮ್‌ಗೆ ಹೋಗಿ, ಚರ್ಚಿನ ಹಿಂಭಾಗದಲ್ಲಿ, ಚೀನಾದಿಂದ ಆಗಷ್ಟೇ ಮರಳಿದ್ದ ನಜ್ರಾನಿನ ಒಬ್ಬ ಸನ್ಯಾಸಿಯನ್ನು ಮಾತಾಡಿಸಿದರು. ಪುಸ್ತಕ ಸಿಗದ ಕಡೆ ಮನುಷ್ಯನನ್ನು ಹುಡುಕಿಕೊಂಡು ಹೋದರು.

ಹಾಗೆಂದು ಸಿಕ್ಕಿದ್ದನ್ನೆಲ್ಲ ನಂಬುವವರೂ ಅಲ್ಲ. ರಸವಿದ್ಯೆಯ ಕೊನೆಯ ಅಧ್ಯಾಯದಲ್ಲಿ ಜಾಬಿರ್ ಬಿನ್ ಹಯ್ಯಾನರ ಹೆಸರಿನ ನೂರಾರು ಗ್ರಂಥಗಳ ಪ್ರಸ್ತಾಪ ಬರುತ್ತದೆ. ಅಂಥ ಮನುಷ್ಯನೇ ಇರಲಿಲ್ಲವೆಂದು ಕೆಲವು ವಿದ್ವಾಂಸರೂ ವರ್ರಾಕರೂ ಹೇಳುತ್ತಾರೆಂದು ಅವರು ಮುಚ್ಚಿಡದೆ ಬರೆಯುತ್ತಾರೆ. ಆಮೇಲೆ ತಮ್ಮ ವಾದ ಮುಂದಿಡುತ್ತಾರೆ. ಎರಡು ಸಾವಿರ ಹಾಳೆಯ ಪುಸ್ತಕವನ್ನು ಕೈ ನೋಯಿಸಿಕೊಂಡು, ತಲೆ ಸವೆಸಿಕೊಂಡು ಬರೆದು ಅದನ್ನು ಇಲ್ಲದವನ ಹೆಸರಿಗೆ ಹಾಕುವ ಮೂರ್ಖ ಯಾರಿದ್ದಾನೆ? ನಕಲು ಮಾಡಿ ಬೆರಳು ಸವೆಸಿದ ವೃತ್ತಿಯವರ ವಾದವಿದು. ಇಪ್ಪತ್ತನೇ ಶತಮಾನದಲ್ಲಿ ಪೌಲ್ ಕ್ರೌಸ್ ಈ ಗ್ರಂಥರಾಶಿಯನ್ನು ಪರಿಶೀಲಿಸಿ ಇದು ಒಬ್ಬರ ಕೆಲಸವಲ್ಲ, ನಂತರದ ಹಲವರದ್ದು ಎಂದರು. ಆ ಚರ್ಚೆ ಇಲ್ಲಿ ಬೇಡ.

ಕೊರತೆಗಳು ಇಲ್ಲವೆಂದಲ್ಲ. ಹೆಸರುಗಳ ಮೇಲೆ ಹೆಸರು ಪೇರಿಸಿದ ಪುಟಗಳು ದಣಿಸುತ್ತವೆ. ಬಗ್ದಾದಿನಿಂದ ದೂರವಿದ್ದ ಸ್ಪೇನಿನ ವಿದ್ವತ್ತಿಗೆ ಸಿಕ್ಕ ಜಾಗ ತೀರಾ ಕಡಿಮೆ. ಇನಾನ್‌ಳಂಥ ದಾಸಿ ಕವಯಿತ್ರಿಯರ ಹೆಸರು ಅಲ್ಲಲ್ಲಿ ಬರುತ್ತದಾದರೂ ಈ ಮಹಾ ಸಂತೆಯಲ್ಲಿ ಹೆಂಗಸರ ದನಿ ಕ್ಷೀಣ. 'ಎಲ್ಲ' ಎಂಬ ಸಂಕಲ್ಪಕ್ಕೆ ಅವರ ಕಾಲ ಹಾಕಿದ ಬೇಲಿ ಅದು.

ಹತ್ತು ಶತಮಾನಗಳ ನಂತರ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೈಗೆತ್ತಿಕೊಂಡರು. ಗಣಿತದ ಮೇಷ್ಟರಾಗಿದ್ದು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್.ಆರ್. ರಂಗನಾಥನ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರು. 1931ರ ಅವರ ಐದು ಸೂತ್ರಗಳ ಪೈಕಿ ಎರಡನ್ನು ಜೊತೆಯಾಗಿಯೇ ಓದಬೇಕು. ಓದುಗನಿಗೆ ಅವನ ಪುಸ್ತಕ ಸಿಗಬೇಕೆಂಬುದು ಒಂದು, ಪುಸ್ತಕಕ್ಕೆ ಅದರ ಓದುಗ ಸಿಗಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಇಂದು ಯಂತ್ರವೂ ಮಾಡುತ್ತದೆ. ಒಂದು ಪುಸ್ತಕ ಕೊಂಡರೆ ಅದೇ ಬಗೆಯ ಇನ್ನೂ ಹತ್ತನ್ನು ತೋರಿಸುತ್ತದೆ. ಎರಡನೆಯದು ಕಷ್ಟ. ಅದಕ್ಕೆ ಅಡುಗೆ ಪುಸ್ತಕ ಹುಡುಕುತ್ತಾ ಬಂದವನ ಕಣ್ಣಿಗೆ ವಿಷಶಾಸ್ತ್ರದ ಪುಸ್ತಕ ಬೀಳಬೇಕು. ತೆರೆದ ಕಪಾಟುಗಳ ಪರವಾಗಿ ರಂಗನಾಥನ್ ಹಟ ಹಿಡಿದದ್ದು ಇದಕ್ಕೇ. ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ಜೀವಮಾನವಿಡೀ ಕೂಡಿಹಾಕಿದ ಲಕ್ಷಾಂತರ ಪುಸ್ತಕಗಳು ಸೂಚಿಯಿಲ್ಲದೆ ರಾಶಿಬಿದ್ದಿವೆ ಎಂದು ಹಲವರು ದೂರುತ್ತಾರೆ. ದೂರು ನ್ಯಾಯವೇ. ಆದರೆ ಆ ರಾಶಿಯಲ್ಲಿ ಕೈಹಾಕಿದವನಿಗೆ ಕೇಳದೆ ಸಿಗುವ ಪುಸ್ತಕವನ್ನು ಯಾವ ಯಂತ್ರವೂ ಸೂಚಿಸದು.

ವಿಂಗಡಣೆ ಬೇಡವೆನ್ನಲಾಗದು. ಇಬ್ನ್ ನದೀಮರೂ ವಿಂಗಡಿಸಿದರು, ಅದೂ ಅಚ್ಚುಕಟ್ಟಾಗಿ. ಆದರೆ ಅವರು ವಿಂಗಡಿಸಿದ್ದು ಪುಸ್ತಕದ ವಿಷಯದಿಂದ. ಅಲ್ ಕಿಂದಿಯ ಕಾಲದ ಎಷ್ಟೋ ಅನುವಾದಕರು ಕ್ರೈಸ್ತರು. ಅವರು ಸಿಗುವುದು ತತ್ವಶಾಸ್ತ್ರ ಮತ್ತು ವೈದ್ಯದ ಅಧ್ಯಾಯದಲ್ಲಿ, ತಮ್ಮ ಕೆಲಸದ ಜಾಗದಲ್ಲಿ. ನಮ್ಮ ಕನ್ನಡ ವಿಮರ್ಶೆ ಈ ವಿಷಯದಲ್ಲಿ ಬಗ್ದಾದಿಗಿಂತ ಹಿಂದೆ ಬಿದ್ದಿದೆ ಎಂದು ಹೇಳದೆ ವಿಧಿಯಿಲ್ಲ. 'ಮುಸ್ಲಿಂ ಸಂವೇದನೆ' ಎಂಬ ಕಪಾಟು ಮಾಡಿ ಸಾರಾ ಅಬೂಬಕ್ಕರ್, ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಎಲ್ಲರನ್ನೂ ಅದರೊಳಗಿಟ್ಟು ಬೀಗ ಹಾಕಿದ್ದೇವೆ. ಆ ಹೆಸರಿನಿಂದ ಆರಂಭದಲ್ಲಿ ಲಾಭವಾಗಿದ್ದು ನಿಜ. ಕಾಣದೇ ಇದ್ದ ಬದುಕು ಕಂಡಿತು. ಆದರೆ ಮಕ್ಕಳಿಗಾಗಿ ಗಾಂಧಿಯ ಕತೆ ಬರೆದ ಬೊಳುವಾರರನ್ನು ಯಾವ ಕಪಾಟಿನಲ್ಲಿ ಇಡೋಣ? ಭೂವಿಜ್ಞಾನ ಕಲಿತು, ಕಲಿಸಿ, ಕವಿತೆ ಬರೆದ ನಿಸಾರ್ ಅಹಮದರನ್ನು? ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಡೆದ ಚರ್ಚೆಯಲ್ಲಿ ಅವರ ಸಮುದಾಯದ ಬಗ್ಗೆ ಕೇಳಿದಷ್ಟು, ಅವರ ಕತೆಗಳು ಕೌಟುಂಬಿಕ ಕಾನೂನಿನ ಬಗ್ಗೆ ಏನು ಹೇಳುತ್ತವೆ ಎಂದು ಕೇಳಲಿಲ್ಲ. ಅವರು ವಕೀಲರು ಎಂಬುದು ಪರಿಚಯದ ಸಾಲಿನಲ್ಲೇ ಉಳಿಯಿತು.

ನಮ್ಮ ಓದುಗರ ತಪ್ಪೂ ಇದೆ. ಮುಸ್ಲಿಂ ಮನೆಯ ಕಪಾಟಿನಲ್ಲಿ ಧಾರ್ಮಿಕ ಗ್ರಂಥಗಳು, ಸಮುದಾಯದ ಸಮಸ್ಯೆಗಳ ಪುಸ್ತಕಗಳು, ಪರೀಕ್ಷೆಯ ಗೈಡುಗಳು. ಹಕ್ಕಿಗಳ ಬಗ್ಗೆ, ಸೇತುವೆ ಕಟ್ಟುವ ಬಗ್ಗೆ, ಅಡುಗೆಯ ಇತಿಹಾಸದ ಬಗ್ಗೆ ಒಂದು ಪುಸ್ತಕ ಕಂಡರೆ ಅಚ್ಚರಿ. ಸದಾ ತನ್ನ ಬಗ್ಗೆಯೇ ಉತ್ತರ ಕೊಡಬೇಕಾದ ಸಮುದಾಯಕ್ಕೆ ಬೇರೆಯದನ್ನು ಓದಲು ಬಿಡುವು ಕಡಿಮೆ, ಒಪ್ಪೋಣ. ಆದರೆ ಬೇಲಿಯ ಹೊರಗಿನವರು ಹಾಕಿದ ಬೀಗಕ್ಕೆ ಒಳಗಿನಿಂದ ನಾವೇ ಚಿಲಕ ಜಡಿದಂತಾಗಿದೆ.

ಫಿಹ್ರಿಸ್ತ್‌ನಲ್ಲಿ ಒಂದು ಪೆಟ್ಟಿಗೆಯ ಪ್ರಸಂಗ ಬರುತ್ತದೆ. ಹದೀಸಾ ಎಂಬ ಊರಿನಲ್ಲಿ ಒಬ್ಬ ಸಂಗ್ರಾಹಕರಿದ್ದರು. ಯಾರನ್ನೂ ನಂಬದ ಸ್ವಭಾವ. ಬಹಳ ಕಾಲ ಸ್ನೇಹ ಮಾಡಿದ ಮೇಲೆ ಇಬ್ನ್ ನದೀಮರಿಗೆ ಒಂದು ದೊಡ್ಡ ಪೆಟ್ಟಿಗೆ ತೆರೆದು ತೋರಿಸಿದರು. ಅದರಲ್ಲಿ ಸುಮಾರು ಮುನ್ನೂರು ರತಲ್ ತೂಕದ ಚರ್ಮದ ಹಾಳೆಗಳು, ಕಾಗದಗಳು, ಹಳೆಯ ವಿದ್ವಾಂಸರ ಕೈಬರಹಗಳು. ಅರಬಿ ವ್ಯಾಕರಣ ಹುಟ್ಟಿದ್ದು ಅಬುಲ್ ಅಸ್ವದ್‌ರಿಂದ ಎಂಬುದಕ್ಕೆ ಸಾಕ್ಷಿಯಾಗಬಲ್ಲ ನಾಲ್ಕು ಹಾಳೆಗಳನ್ನೂ ಅಲ್ಲಿಯೇ ನೋಡಿದರು. ಆ ಮನುಷ್ಯ ತೀರಿಕೊಂಡ ಮೇಲೆ ಎಷ್ಟು ಹುಡುಕಿದರೂ ಪೆಟ್ಟಿಗೆಯ ಸುಳಿವು ಸಿಗಲಿಲ್ಲ.

1258ರಲ್ಲಿ ಮಂಗೋಲರು ಬಗ್ದಾದನ್ನು ಹಾಳುಗೆಡವಿದ ಮೇಲೆ ಫಿಹ್ರಿಸ್ತ್ ಹೇಳುವ ಎಷ್ಟೋ ಪುಸ್ತಕಗಳದ್ದೂ ಅದೇ ಗತಿ. ಹಲವು ಪುಸ್ತಕಗಳ ಪಾಲಿಗೆ ಇಬ್ನ್ ನದೀಮ್ ಬರೆದ ಒಂದು ಸಾಲೇ ಉಳಿದದ್ದು. ಬಯಾರ್ಡ್ ಡಾಡ್ಜ್ ಅವರ ಇಂಗ್ಲಿಷ್ ಅನುವಾದ 1970ರಲ್ಲಿ ಬಂತು, ಅಯ್ಮನ್ ಫುಆದ್ ಸಯ್ಯಿದರ ಅರಬಿ ಪರಿಷ್ಕರಣ 2009ರಲ್ಲಿ. ಲೇಖಕರ ಸ್ವಂತ ಪ್ರತಿಗೆ ಅತಿ ಸಮೀಪದ ಹಸ್ತಪ್ರತಿಯ ಅರ್ಧ ಡಬ್ಲಿನ್‌ನಲ್ಲಿದೆ, ಇನ್ನರ್ಧ ಇಸ್ತಾಂಬುಲ್‌ನಲ್ಲಿ. ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ. ಒಬ್ಬ ಲೇಖಕನ ಹೆಸರಿದೆ, ತೀರಿಕೊಂಡ ವರ್ಷದ ಜಾಗ ಬಿಳಿ. ಇನ್ನೊಬ್ಬನ ಹೆಸರಿದೆ, ಪುಸ್ತಕಗಳ ಜಾಗ ಬಿಳಿ. ಮುಂದೆ ತಿಳಿದಾಗ ತುಂಬಲೆಂದು ಇಬ್ನ್ ನದೀಮ್ ಬಿಟ್ಟ ಆ ಜಾಗಗಳನ್ನು ನಕಲುಗಾರ ಕೂಡ ಹಾಗೆಯೇ ಬಿಟ್ಟಿದ್ದಾನೆ.